ಬೀದಿ ಬದಿಯ ಹಾಡುಗಾರರ ಗೆಳೆತನ ಮಾಡುವುದು ಹೇಗೆ

ಮೊದಲ ದಿನ ಮೊಬೈಲ್ ಜೇಬಿನಲ್ಲೇ ಇರಲಿ. ನೋಟ್‌ಬುಕ್ಕೂ ಬೇಡ. ಸುಮ್ನೆ ಪಕ್ಕದಲ್ಲಿ ಕೂತು ಹಾಡು ಕೇಳಿ.

ನಾನು ಮಡಿಕೇರಿಯಲ್ಲಿ ವರದಿಗಾರ. ಇಲ್ಲಿನ ಬಸ್ ನಿಲ್ದಾಣದ ಹತ್ತಿರ ಅಂಗಡಿ ಜಗಲಿಯ ಮೇಲೆ ಮಲಗುವ, ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸಿ ಹಾಡುವ ಅಣ್ಣ ಒಬ್ಬರು ನನ್ನ ಗೆಳೆಯರು. ಅವರಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತದೆ. ನಿಮ್ಮೂರಲ್ಲೂ ಇಂಥವರು ಇದ್ದಾರು. ಗೆಳೆತನ ಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಾಡನ್ನು ಸರಿಯಾಗಿ ಕೇಳುವುದೇ ಅರ್ಧ ಕೆಲಸ. ಕೊಡವ ಹಾಡುಗಳನ್ನು ನಾಲ್ವರು ದುಡಿ ಹಿಡಿದು ಹಾಡುವುದು ವಾಡಿಕೆ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಹಿಂದೆಯೇ ಹೇಳುತ್ತಾರೆ. ಅಣ್ಣ ಒಬ್ಬರೇ. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಕೈ ಮಾತ್ರ ಬಾರಿಸುತ್ತಲೇ ಇರುತ್ತದೆ. ಇನ್ನೊಂದು ಜೋಡಿ ಹಾಡಿ ಮುಗಿಸುವಷ್ಟು ಹೊತ್ತು ಬಿಟ್ಟು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಬಸ್ ಕಾಯುವವರು 'ಪಾಪ, ಮರೆತುಹೋಯ್ತು' ಅನ್ನುತ್ತಾರೆ. ಮರೆತಿಲ್ಲ, ತಾಳ ಚೂರೂ ತಪ್ಪಿಲ್ಲ. ಹಾಡು ಗೊತ್ತಿದ್ದರೆ ಆ ಜಾಗದಲ್ಲಿ ನೀವು ದನಿಗೂಡಿಸಿ. ಗೊತ್ತಿಲ್ಲದಿದ್ದರೆ ಆಗ ಮಾತಾಡಿಸಬೇಡಿ.

ಮಾತು ವಾದ್ಯದಿಂದಲೇ ಶುರುವಾಗಲಿ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ದುಡಿಯ ದನಿ ಇಳಿಯುತ್ತದೆ. ಅಣ್ಣ ಅದನ್ನು ಕ್ಯಾಂಟೀನಿನ ಸೌದೆ ಒಲೆಯ ಹತ್ತಿರ ಹಿಡಿದು, ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡುತ್ತಾರೆ. 'ಅಣ್ಣಾ, ಕಾವು ಸಾಕಾ?' ಅಂತ ಕೇಳಿದರೆ ಗಂಟೆಗಟ್ಟಲೆ ಹೇಳುತ್ತಾರೆ. ಮನೆ ಯಾಕೆ ಬಿಟ್ರಿ ಅನ್ನುವುದನ್ನು ಅವರಾಗಿ ಹೇಳುವ ತನಕ ಕೇಳಬೇಡಿ. ಬೆಲ್ಲದ ಕಾಫಿ ಎರಡು ಹೇಳಿ, ಒಟ್ಟಿಗೆ ಕುಡಿಯಿರಿ.

ಕೇಳಿಸದ ಮಾತಿಗೆ ಅವರು ಉತ್ತರ ಕೊಡುತ್ತಿದ್ದರೆ ವಾದ ಮಾಡಬೇಡಿ, ಹೌದು ಅಂತಲೂ ಅನ್ನಬೇಡಿ. 'ನನಗೆ ಕೇಳಿಸ್ತಿಲ್ಲ ಅಣ್ಣಾ. ನಿಮಗೆ ಭಯ ಆಗ್ತಿದೆ ಅಲ್ವಾ?' ಅಷ್ಟು ಸಾಕು.

ಚಿಕಿತ್ಸೆ ವಿಷಯದಲ್ಲಿ ಅವಸರ ಒಳ್ಳೆಯದಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅಂಕಣಕಾರ ಸ್ಟೀವ್ ಲೋಪೆಜ್‌ಗೆ 2005ರಲ್ಲಿ ಬೀದಿಯಲ್ಲಿ ಬದುಕುತ್ತಿದ್ದ ನಥಾನಿಯಲ್ ಏಯರ್ಸ್ ಸಿಕ್ಕಿದಾಗ, ಅವರು ಎರಡೇ ತಂತಿಯ ಪಿಟೀಲು ನುಡಿಸುತ್ತಿದ್ದರು. ಜೂಲಿಯಾರ್ಡ್ ಎಂಬ ದೊಡ್ಡ ಸಂಗೀತ ಶಾಲೆಯಲ್ಲಿ ಓದುತ್ತಿದ್ದಾಗ ಕಾಯಿಲೆ ಬಿದ್ದವರು, ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಲೋಪೆಜ್ ಬರೆದದ್ದು ನೋಡಿ ಓದುಗರು ವಾದ್ಯಗಳನ್ನೇ ಕಳಿಸಿದರು. ಆದರೂ ಸೂರಿನಡಿ ಮಲಗಲು ಏಯರ್ಸ್ ತಿಂಗಳುಗಟ್ಟಲೆ ಒಪ್ಪಲಿಲ್ಲ. ನಾನು ಆಸ್ಪತ್ರೆ ಮಾತೆತ್ತಿದಾಗ ಅಣ್ಣ ಎದ್ದು ಹೋದರೆ ಈ ತಿಂಗಳುಗಳನ್ನು ನೆನೆಯುತ್ತೇನೆ.

ಅವರು ಒಪ್ಪಿದ ದಿನ ತಡ ಮಾಡಬೇಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜೊತೆಗೆ ಹೋಗಿ, ಸಾಲಲ್ಲಿ ನೀವೂ ನಿಲ್ಲಿ, ದುಡಿಯನ್ನು ಅವರ ಕೈಯಲ್ಲೇ ಬಿಡಿ. ನಿಮಗೇ ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಅನ್ನಿಸಿದರೆ ಪೊಲೀಸರಿಗೆ ಹೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರು ಲಾಕಪ್‌ಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ನೀವು ತಿಳಿದಿದ್ದರೆ ಠಾಣೆಯಲ್ಲಿ ಧೈರ್ಯವಾಗಿ ಮಾತಾಡಬಹುದು.

ಇನ್ನು ಬರೆಯುವುದು. ಮನಸ್ಸು ತಿಳಿಯಾಗಿರುವ ದಿನ ಅನುಮತಿ ಕೇಳಿ, ಇನ್ನೊಂದು ದಿನ ಮತ್ತೆ ಕೇಳಿ. ಬರೆದದ್ದನ್ನು ಪೂರ್ತಿ ಓದಿ ಹೇಳಿ. ಬೇಡ ಅಂದ ಸಾಲನ್ನು ತೆಗೆಯಿರಿ, ಅದು ಎಷ್ಟೇ ಚೆನ್ನಾಗಿದ್ದರೂ. ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಜಗಲಿಯಲ್ಲಿರುವವರಿಗೂ ಅದೇ ಮರ್ಯಾದೆ ಕೊಡಿ.

ರಜೆ ಮೇಲೆ ಹೋಗುವುದಾದರೆ ಮೊದಲೇ ಹೇಳಿ ಹೋಗಿ. ಯಾವ ವಾರ ಬರುತ್ತೀರಿ ಅನ್ನುವುದನ್ನು ಕ್ಯಾಂಟೀನಿನವರಿಗೂ ತಿಳಿಸಿ, ಅಣ್ಣ ಅವರನ್ನು ಕೇಳುತ್ತಾರೆ.