ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ, ಮೂರು ಥರದ ಕೇಳುಗರು
ಆಹಾರ ವಿಜ್ಞಾನದ ಸಭೆಯನ್ನು ನಮ್ಮೂರಿನಲ್ಲಿ ನಡೆಸುವುದು ಹೇಗೆ?

ಕೆಲವು ವರ್ಷದ ಹಿಂದೆ ಕೊಡಗಿನ ಗೋಣಿಕೊಪ್ಪದಲ್ಲಿ ನಾವೊಂದಿಷ್ಟು ಜನ ಸೇರಿ ಪೌಷ್ಟಿಕ ಆಹಾರದ ಮೇಲೆ ಒಂದು ಸಭೆ ಇಟ್ಟುಕೊಂಡಿದ್ದೆವು. ಸಂಶೋಧಕರು, ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು, ಉಪ್ಪಿನಕಾಯಿ, ಜೇನು ಮಾಡಿ ಮಾರುವವರು ಎಲ್ಲರೂ ಬಂದಿದ್ದರು. ನಮ್ಮ ಹತ್ತಿರ ಅರವತ್ತು ಸ್ಲೈಡ್ ಇದ್ದವು. ಹನ್ನೊಂದೂವರೆಗೆ ಹಿಂದಿನ ಸಾಲು ಪೂರ್ತಿ ಖಾಲಿ. ಊಟದ ಹೊತ್ತಿಗೆ ಮಾತ್ರ ಎಲ್ಲರೂ ವಾಪಸ್! ತಪ್ಪು ಅವರದ್ದಲ್ಲ, ನಮ್ಮದೇ. ಅಲ್ಲಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಯಾರೂ ಬರಲ್ಲ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಕರೆಂಟ್ ಇದ್ದರೆ ಪುಣ್ಯ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತ ಮುಗಿದ ಮೇಲೆ, ಅಕ್ಟೋಬರ್‌ನ ಕಾವೇರಿ ತೀರ್ಥೋದ್ಭವಕ್ಕೆ ಮೊದಲು, ಇದೇ ಸರಿಯಾದ ಸಮಯ. ಸೆಪ್ಟೆಂಬರ್ ಸರ್ಕಾರದ ಪೋಷಣ್ ಮಾಸವೂ (ಪೌಷ್ಟಿಕ ಆಹಾರದ ತಿಂಗಳು) ಹೌದು, ಅಂಗನವಾಡಿಯವರನ್ನು ಕರೆಯುವುದೂ ಸುಲಭ.

ಒಂದೇ ಪ್ರಶ್ನೆ ಹಿಡಿದುಕೊಳ್ಳಿ

'ಸಮತೋಲನ ಆಹಾರ' ಅನ್ನುವ ವಿಷಯ ಬೇಡ. ಅದರ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಮನೆಗೆ ಹೋಗುವಾಗ ಏನೂ ಉಳಿಯಲ್ಲ. ನಮ್ಮಲ್ಲಿ ಎಲ್ಲರಿಗೂ ತಟ್ಟುವ ಪ್ರಶ್ನೆ ಬೇಕು. ಅಕ್ಕಿ ರೊಟ್ಟಿ ಜೊತೆ ಬೆಲ್ಲದ ಕಾಫಿ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತುತ್ತಾ?

ಇದಕ್ಕೆ ಹಿಡಿದುಕೊಳ್ಳಲು ಒಳ್ಳೆ ಸಂಶೋಧನೆ ಇದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹ್ಯಾಂಬರ್ಗರ್ ಊಟದ ಜೊತೆ ಒಂದು ಕಪ್ ಕಾಫಿ ಕೊಟ್ಟಾಗ ಕಬ್ಬಿಣ ಹೀರಿಕೊಳ್ಳುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಟೀ ಕೊಟ್ಟಾಗ ಶೇಕಡಾ 64. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದವರಲ್ಲಿ ಏನೂ ಕಡಿಮೆ ಆಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಜೊತೆಯಲ್ಲಿ ಕುಡಿದಷ್ಟೇ ತೊಂದರೆ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಸೊಪ್ಪು, ಕಾಳಿನ ಕಬ್ಬಿಣಕ್ಕೆ ಈ ಪೆಟ್ಟು ಜಾಸ್ತಿ. ಮಾಂಸದಲ್ಲಿರುವ ಹೀಮ್ ಕಬ್ಬಿಣಕ್ಕೆ ಅಷ್ಟಾಗಿ ತಾಗಲ್ಲ. ಅಂದರೆ ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನುವ ಮನೆಗೂ ಸೊಪ್ಪಿನ ಸಾರಿನ ಮನೆಗೂ ಲೆಕ್ಕ ಬೇರೆ.

ಅದನ್ನೇ ಮೂರು ಸಲ ಬರೆಯಿರಿ

ಕೆಲಸ ಇರುವುದು ಇಲ್ಲೇ. ಮೂರು ಹಾಳೆ ತಗೊಳ್ಳಿ.

ಸಂಶೋಧಕರ ಹಾಳೆಯಲ್ಲಿ ಆ ಅಧ್ಯಯನದ ಕೊರತೆಯಿಂದಲೇ ಶುರು ಮಾಡಿ. ಇದು ಹ್ಯಾಂಬರ್ಗರ್ ಮೇಲೆ ಮಾಡಿದ್ದು, ಅಕ್ಕಿ ರೊಟ್ಟಿ ಮೇಲಲ್ಲ. ಅಳೆದದ್ದು ಒಂದು ಊಟದ ಕಬ್ಬಿಣವನ್ನು, ವರ್ಷಗಟ್ಟಲೆ ಕಾಫಿ ಕುಡಿದವರ ಹಿಮೋಗ್ಲೋಬಿನ್ ಅಲ್ಲ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳ ಊಟ ಪರೀಕ್ಷಿಸಬೇಕೆಂದರೆ ಹಿಮೋಗ್ಲೋಬಿನ್ ಒಂದೇ ಸಾಲದು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯಲ್ಲಿ 528 ಆಹಾರಗಳ ಪೋಷಕಾಂಶದ ಲೆಕ್ಕವಿದೆ, ಅಲ್ಲಿಂದ ಶುರು ಮಾಡಬಹುದು.

ಡಾಕ್ಟರು, ನರ್ಸ್, ಆಶಾ ಕಾರ್ಯಕರ್ತೆಯರ ಹಾಳೆ ಚಿಕ್ಕದಿರಲಿ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ, 180 ದಿನ ನುಂಗಬೇಕು. ಇದನ್ನು ಕಾಫಿ, ಟೀ ಜೊತೆಯಾಗಲಿ ಕ್ಯಾಲ್ಸಿಯಂ ಮಾತ್ರೆ ಜೊತೆಯಾಗಲಿ ನುಂಗಬಾರದು. ನಮ್ಮ ಸಭೆಯಲ್ಲಿ ವಿಜ್ಞಾನಿಯೊಬ್ಬರು ಇಷ್ಟು ಹೇಳಿ, ನಡುವೆ ಒಂದು ಗಂಟೆ ಗ್ಯಾಪ್ ಬಿಡಿ ಅಂತ ಕೂತಾಗ ಒಬ್ಬ ಆಶಾ ಅಕ್ಕ ಎದ್ದು ನಿಂತರು: "ಸಾರ್, ಲೈನ್ ಮನೆಯಲ್ಲಿ ಆರಕ್ಕೆ ಕಾಫಿ, ತಿಂಡಿ ಮುಗಿಸಿ ಏಳೂವರೆಗೆ ತೋಟದಲ್ಲಿರಬೇಕು. ನಿಮ್ಮ ಒಂದು ಗಂಟೆ ಗ್ಯಾಪ್ ಎಲ್ಲಿಂದ ತರೋದು?" ವಿಜ್ಞಾನಿ ತಬ್ಬಿಬ್ಬು. ಕೊನೆಗೆ ಆ ಅಕ್ಕನೇ ದಾರಿ ಹೇಳಿದರು. "ರಾತ್ರಿ ಊಟ ಆದ ಮೇಲೆ ನುಂಗಿ ಅಂತೀನಿ, ಆಗ ಯಾರೂ ಕಾಫಿ ಕುಡಿಯಲ್ಲ." ಅವತ್ತಿನ ಸಭೆಯಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ ಅನ್ನಬಹುದು. ಹಾಗಾಗಿ ಈ ಹಾಳೆಯನ್ನು ಸಭೆಗೆ ಮೊದಲೇ ಇಬ್ಬರು ಆಶಾ ಕಾರ್ಯಕರ್ತೆಯರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಮೂರನೆಯದು ಆಹಾರ ತಯಾರಿಸುವವರ ಹಾಳೆ. ಇವರ ಪ್ರಶ್ನೆ ನೇರ: ಲೇಬಲ್ ಮೇಲೆ ಏನು ಬರೆಯಬಹುದು? ಕಾಚಂಪುಳಿ (ಪಂದಿ ಕರಿಗೆ ಹಾಕುವ ಕಪ್ಪು ಹುಳಿ) ಮಾರುವ ಒಬ್ಬರು 'ತೂಕ ಇಳಿಸುತ್ತದೆ' ಅಂತ ಅಚ್ಚು ಹಾಕಿಸಲು ಹೊರಟಿದ್ದರು. ಉತ್ತರ ಕನ್ನಡದವರು ಉಪ್ಪಾಗೆ ಅನ್ನುವ ಹಣ್ಣಿನ ರಸ ಕಾಸಿಯೇ ಅಲ್ವಾ ಕಾಚಂಪುಳಿ ಮಾಡುವುದು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್‌ಗೆ ತೂಕ ಇಳಿಸುತ್ತೆ ಅನ್ನುವ ಹೆಸರು ಬಂದಿದೆ ನಿಜ. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ನಡೆಯಿತು. ದಿನಕ್ಕೆ 1500 ಮಿಲಿಗ್ರಾಂ ತಗೊಂಡವರು 3.2 ಕಿಲೋ ಇಳಿದರು. ಸುಮ್ನೆ ಖಾಲಿ ಮಾತ್ರೆ ನುಂಗಿದವರು 4.1 ಕಿಲೋ! ಪಥ್ಯ ಇಬ್ಬರಿಗೂ ಒಂದೇ. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಇದೇ ಹಣ್ಣಿನ ಸಾರದ ತೂಕ ಇಳಿಸುವ ಮಾತ್ರೆ ನುಂಗಿದವರಲ್ಲಿ ಲಿವರ್ ಕೆಟ್ಟ ವರದಿಗಳೂ ಇವೆ. ಪಂದಿ ಕರಿಗೆ ಹಾಕುವ ಚಮಚ ಬೇರೆ, ಮಾತ್ರೆ ಬೇರೆ, ಅದನ್ನೂ ಹೇಳಿ. ಲೇಬಲ್‌ನಲ್ಲಿ ಏನು ಬರೆಯಬಹುದು? ಯಾವ ಹಣ್ಣು, ಯಾವ ತಿಂಗಳು ಕಾಸಿದ್ದು, ಒಂದು ಕಿಲೋ ಮಾಂಸಕ್ಕೆ ಎಷ್ಟು ಚಮಚ. ಕೊಳ್ಳುವವರಿಗೆ ಬೇಕಾದದ್ದೂ ಅದೇ.

ಸಭೆಯ ದಿನ

ಮೂರು ಗುಂಪನ್ನು ಬೇರೆ ಬೇರೆ ಕೂರಿಸಬೇಡಿ, ಒಂದೇ ಟೇಬಲ್‌ಗೆ ಬೆರೆಸಿ. ಇಪ್ಪತ್ತು ನಿಮಿಷ ಮಾತು, ನಲವತ್ತು ನಿಮಿಷ ಪ್ರಶ್ನೆ. ಮುಗಿಯುವಾಗ 'ಅರ್ಥ ಆಯ್ತಾ' ಅಂತ ಕೇಳಬೇಡಿ, ಎಲ್ಲರೂ ಆಯ್ತು ಅಂತಾರೆ. 'ನಾಳೆ ನಿಮ್ಮ ಮನೆಯವರಿಗೆ ಇದನ್ನು ಹೇಗೆ ಹೇಳ್ತೀರಿ' ಅಂತ ಕೇಳಿ. ಊಟದ ಖರ್ಚು ಕಾಫಿ ವ್ಯಾಪಾರಿಯೋ ಮಾತ್ರೆ ಕಂಪನಿಯೋ ಕೊಟ್ಟಿದ್ದರೆ ಮೊದಲ ಮಾತಿನಲ್ಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಹೇಳಿದ್ದೆಲ್ಲ ನೀರುಪಾಲು.

ಕೇಟರಿಂಗ್‌ನವರಿಗೂ ಒಂದು ಮಾತು ಹೇಳಿಡಿ. ಎರಡನೇ ವರ್ಷ ನಾವು ಎಲ್ಲ ಸರಿಯಾಗಿ ಮಾಡಿದ್ದೆವು. ಊಟ ಮುಗಿದ ಎರಡೇ ನಿಮಿಷಕ್ಕೆ ಎಂಬತ್ತು ಜನರ ಮುಂದೆ ಬಿಸಿ ಬಿಸಿ ಕಾಫಿ ಬಂತು. ಎಲ್ಲರೂ ಕುಡಿದರು, ನಾನೂ.