ಟ್ಯಾಂಕ್‌ಗಿಂತ ಇಂಗುಗುಂಡಿ ಮುಖ್ಯ

ಮನೆ ಕಟ್ಟಿಸುವವರು ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದಿರಲಿ ಅಂತ ಕೇಳುತ್ತಾರೆ. ಅದರಿಂದ ಹೊರಬರುವ ನೀರು ಎಲ್ಲಿ ಇಂಗುತ್ತದೆ ಅನ್ನೋದನ್ನು ಮೊದಲು ಯೋಚಿಸಿ. ಆ ನೀರಲ್ಲಿ ರೋಗಾಣು ಇರುತ್ತವೆ, ಸುಮ್ನೆ ಚರಂಡಿಗೆ ಬಿಡಬೇಡಿ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರಾದರೂ ದೂರವಿರಲಿ.

ಕರಾವಳಿಯಲ್ಲಿ ಮಳೆಗಾಲಕ್ಕೆ ಬಾವಿ ನೀರು ಮೇಲೆ ಬರುತ್ತದೆ ಅಲ್ವಾ? ಅಲ್ಲಿ ಆಳದ ಗುಂಡಿ ಬೇಡವೇ ಬೇಡ. ಜಾಗ ಇದ್ದರೆ ಕಡಿಮೆ ಆಳದ ಕಾಲುವೆ ತೋಡಿಸಿ, ಜಲ್ಲಿ ತುಂಬಿ, ತೂತಿನ ಪೈಪ್ ಹಾಕಿಸಿ. ತೀರಾ ಜೌಗಾದರೆ ನೆಲದ ಮೇಲೆ ಮರಳಿನ ದಿಬ್ಬ ಮಾಡಿಸಿ, ಖರ್ಚು ಜಾಸ್ತಿ.

ನೀರು ಚೆನ್ನಾಗಿ ಇಂಗುವ ಮಣ್ಣಲ್ಲಿ ಸಣ್ಣ ಮನೆಗೆ ಟ್ಯಾಂಕ್ ಬದಲು ಶೌಚಾಲಯಕ್ಕೆ ಜೋಡಿ ಗುಂಡಿಯೇ ಸಾಕು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ.

ಟ್ಯಾಂಕ್ ಹೂಳನ್ನು 2-3 ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿಯಿಂದಲೇ ತೆಗೆಸಿ. ಒಳಗೆ ಯಾರನ್ನೂ ಇಳಿಸಬೇಡಿ, ವಿಷಗಾಳಿ ಜೀವ ತೆಗೆಯುತ್ತದೆ.