ದರದ ಚಿತ್ರ ಕಿವಿಗೂ ತಲುಪಲಿ: ಆಲ್ಟ್ ಮತ್ತು ಟೈಟಲ್ ಬರೆಯುವ ಬಗೆ

ಕೋಲಾರದ ಒಂದು ಟೊಮೆಟೊ ಮಂಡಿಯ ವೆಬ್ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಹರಾಜು ಮುಗಿದ ಮೇಲೆ ಆ ದಿನದ ದರವನ್ನು ಚಿತ್ರ ಮಾಡಿ ಹಾಕುತ್ತೇವೆ. ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವ ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣಿಸದು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ; ಅವರ ಫೋನಿನಲ್ಲಿರುವ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಏನು ಓದುತ್ತದೋ ಅದೇ ಅವರಿಗೆ ಪುಟ. ಆಲ್ಟ್, ಅಂದರೆ ಚಿತ್ರದಲ್ಲಿರುವುದನ್ನು ಹೇಳುವ ಬರಹ, ಇಲ್ಲದ ಚಿತ್ರ ಬಂದರೆ ಟಾಕ್‌ಬ್ಯಾಕ್ ಬರೀ ‘ಇಮೇಜ್’ ಅನ್ನುತ್ತದೆ, ಇಲ್ಲವೇ ಫೈಲಿನ ಹೆಸರಿನ ಅಂಕಿಗಳನ್ನು ಒಂದೊಂದಾಗಿ ಒದರುತ್ತದೆ. ದರ ಮಾತ್ರ ಗೊತ್ತಾಗುವುದಿಲ್ಲ.

ಪುಟದ ಕೋಡ್‌ನಲ್ಲಿ ಚಿತ್ರ ಸೇರಿಸುವ ಇಮೇಜ್ ಟ್ಯಾಗ್‌ನೊಳಗೆ ಬರೆಯುವ ಆಲ್ಟ್ ಅನ್ನು ಚಿತ್ರದ ಬದಲಿಗೆ ನಿಲ್ಲುವ ಮಾತು ಎಂದುಕೊಳ್ಳಿ. ನೆಟ್‌ವರ್ಕ್ ಸಿಗದೆ ಚಿತ್ರ ತೆರೆಯದಿದ್ದಾಗಲೂ ಆ ಜಾಗದಲ್ಲಿ ಕಾಣುವುದು ಇದೇ. ಹೀಗಾಗಿ ‘ದರಪಟ್ಟಿ ಚಿತ್ರ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘15 ಕೆಜಿ ಬಾಕ್ಸ್ ಟೊಮೆಟೊ: ಹೆಚ್ಚಿನ ದರ 420 ರೂಪಾಯಿ, ಕಡಿಮೆ ದರ 250 ರೂಪಾಯಿ’ ಎಂದು ಬರೆಯಿರಿ. ಚಿತ್ರದಲ್ಲಿ ಅಕ್ಷರ ಇದ್ದರೆ ಆ ಅಕ್ಷರವೇ ಆಲ್ಟ್‌ಗೆ ಬರಬೇಕು. ಪಟ್ಟಿಯಲ್ಲಿ ಹತ್ತಾರು ಸಾಲು ಇದ್ದರೆ ಎಲ್ಲವನ್ನೂ ಆಲ್ಟ್‌ಗೆ ತುರುಕಬೇಡಿ. ಚಿತ್ರದ ಕೆಳಗೆ ನಿಜವಾದ ಟೇಬಲ್ ಹಾಕಿ, ‘ಇಂದಿನ ದರಪಟ್ಟಿ, ವಿವರ ಕೆಳಗಿನ ಟೇಬಲ್‌ನಲ್ಲಿದೆ’ ಎಂದಷ್ಟೇ ಆಲ್ಟ್‌ನಲ್ಲಿ ಹೇಳಿದರೆ ಸಾಕು.

ಚಿತ್ರ ಒಂದೇ ಆದರೂ ಪುಟ ಬದಲಾದರೆ ಆಲ್ಟ್ ಬದಲಾಗುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಜೀವಾಳವೇ ಇದು. ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆ ಕ್ಷೇತ್ರದಲ್ಲಿ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುವ ಫೋಟೊ ಇದೆ ಎನ್ನಿ. ಕ್ಷೇತ್ರದ ಪರಿಚಯ ಪುಟದಲ್ಲಿ ‘ಬಸವನ ಬಾಯಿಂದ ಕಲ್ಯಾಣಿಗೆ ಬೀಳುತ್ತಿರುವ ನೀರು’ ಸರಿಯಾದ ಮಾತು. ಅದೇ ಫೋಟೊವನ್ನು ಬೆಟ್ಟ ಹತ್ತುವವರಿಗೆ ದಾರಿ ಹೇಳುವ ಪುಟಕ್ಕೆ ಲಿಂಕ್ ಮಾಡಿದ್ದರೆ ಆಲ್ಟ್ ‘ಅಂತರಗಂಗೆ ಹತ್ತುವ ದಾರಿ’ ಎಂದಾಗಬೇಕು, ಏಕೆಂದರೆ ಅಲ್ಲಿ ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದು ತಿಳಿಯಬೇಕು. ‘ಇದು ... ಫೋಟೊ’ ಎಂದು ಶುರು ಮಾಡುವ ಅಗತ್ಯವಿಲ್ಲ, ಚಿತ್ರ ಎಂಬುದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ.

ಅಂಚಿನ ಬಳ್ಳಿ, ಗೆರೆಯಂಥ ಬರೀ ಅಲಂಕಾರದ ಚಿತ್ರಗಳಿಗೆ ಆಲ್ಟ್ ಖಾಲಿ ಬಿಡಿ. ಅಂದರೆ ಆಲ್ಟ್ ಎಂದು ಬರೆದು, ಉದ್ಧರಣ ಚಿಹ್ನೆಗಳ ನಡುವೆ ಏನೂ ಇಡದಿರುವುದು. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ಆಲ್ಟ್ ಅನ್ನೇ ಬರೆಯದಿದ್ದರೆ ಮಾತ್ರ ಮತ್ತೆ ಫೈಲ್ ಹೆಸರಿನ ಗೋಳು.

ಇಮೇಜ್ ಟ್ಯಾಗ್‌ನೊಳಗೇ ಬರೆಯುವುದಾದರೂ ಟೈಟಲ್ ಬೇರೆ. ಮೌಸ್ ಅನ್ನು ಚಿತ್ರದ ಮೇಲೆ ನಿಲ್ಲಿಸಿದಾಗ ಪುಟ್ಟ ಪೆಟ್ಟಿಗೆಯಲ್ಲಿ ಕಾಣುವ ಮಾತು ಅದು. ಫೋನಿನಲ್ಲಿ ಮೌಸ್ ಎಲ್ಲಿ ಬರಬೇಕು? ಕೀಬೋರ್ಡ್ ಮಾತ್ರ ಬಳಸುವವರಿಗೂ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಮುಖ್ಯ ಸಂಗತಿಯನ್ನು ಅಲ್ಲಿಡಲೇಬೇಡಿ. ಆಲ್ಟ್‌ನಲ್ಲಿರುವುದನ್ನೇ ಟೈಟಲ್‌ಗೂ ಹಾಕಿದರೆ ಕೆಲವು ಸ್ಕ್ರೀನ್ ರೀಡರ್‌ಗಳು ಎರಡು ಸಲ ಓದುತ್ತವೆ, ಕೇಳುವವರಿಗೆ ಹಿಂಸೆ. ಎಲ್ಲರಿಗೂ ಕಾಣಬೇಕಾದ ವಿವರವನ್ನು ಚಿತ್ರದ ಕೆಳಗೆ ಅಡಿಬರಹವಾಗಿ ಬರೆಯಿರಿ. ಟೈಟಲ್ ಇಲ್ಲದಿದ್ದರೂ ನಡೆಯುತ್ತದೆ.

ವೆಬ್ ಪುಟ ಮಾಡಲು ವರ್ಡ್‌ಪ್ರೆಸ್ ಬಳಸುವವರು ಒಂದು ವಿಷಯ ಗಮನಿಸಿ. ಮೀಡಿಯಾ ಲೈಬ್ರರಿಯಲ್ಲಿ ಆಲ್ಟ್ ತಿದ್ದಿದರೆ, ಈಗಾಗಲೇ ಪುಟಕ್ಕೆ ಸೇರಿಸಿದ ಚಿತ್ರದಲ್ಲಿ ಅದು ತಾನಾಗಿ ಬದಲಾಗುವುದಿಲ್ಲ. ಪುಟ ತೆರೆದು, ಚಿತ್ರದ ಮೇಲೆ ಕ್ಲಿಕ್ ಮಾಡಿ, ಪಕ್ಕದ ಸೆಟ್ಟಿಂಗ್ಸ್‌ನಲ್ಲಿ ತಿದ್ದಬೇಕು. ಪುಟದ ಲ್ಯಾಂಗ್ವೇಜ್ ಕನ್ನಡ ಎಂದು ಇದೆಯೇ ಅದನ್ನೂ ನೋಡಿ. ಇಂಗ್ಲಿಷ್ ಎಂದಿದ್ದರೆ ಕೆಲವು ಸ್ಕ್ರೀನ್ ರೀಡರ್‌ಗಳು ನಮ್ಮ ಕನ್ನಡವನ್ನು ಇಂಗ್ಲಿಷ್ ದನಿಗೆ ಒಪ್ಪಿಸಿ ಕೆಡಿಸುತ್ತವೆ.

ಬರೆದಾದ ಮೇಲೆ ಕೇಳಿ ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಪುಟ ತೆರೆದು, ಪರದೆ ನೋಡದೆ ಬೆರಳನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. ವಿಂಡೋಸ್ ಕಂಪ್ಯೂಟರಿನಲ್ಲಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಟಾಕ್‌ಬ್ಯಾಕ್ ಆನ್ ಇರುವಾಗ ಒಂದು ಸಲ ಮುಟ್ಟಿದರೆ ಓದುತ್ತದೆ ಅಷ್ಟೇ, ತೆರೆಯಲು ಎರಡು ಸಲ ತಟ್ಟಬೇಕು. ಆಫ್ ಮಾಡುವ ಬಟನ್‌ಗೂ ಹಾಗೆಯೇ.